ಉಸಿರು ಮೊದಲು, ಕಾಲು ಆಮೇಲೆ: ಮತ್ತೆ ಓಡಲು ಹೊರಟವರಿಗೆ

ಓಟವನ್ನು ಬಿಟ್ಟು ಎಂಟು ವರ್ಷಗಳಾದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ನಾನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಮತ್ತೆ ಓಡಲು ಹೊರಟಾಗ ಮೊದಲ ಮೂರು ವಾರ ಎಲ್ಲವೂ ನಿರೀಕ್ಷೆಗಿಂತ ಚೆನ್ನಾಗಿಯೇ ನಡೆಯಿತು. ಮೊದಲ ದಿನ ಇನ್ನೂರು ಮೀಟರಿಗೇ ಏದುಸಿರು ಬಿಟ್ಟವನಿಗೆ ಮೂರನೆಯ ವಾರದ ಕೊನೆಗೆ ಮಾತನಾಡುತ್ತಲೇ ಮೂರು ಕಿಲೋಮೀಟರ್ ಓಡಲು ಸಾಧ್ಯವಾಯಿತು. ಆ ಹುಮ್ಮಸ್ಸಿನಲ್ಲಿ ನಾಲ್ಕನೆಯ ವಾರದ ಒಂದು ಬೆಳಿಗ್ಗೆ, ಐದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕೆರೆಯ ಪೂರ್ತಿ ಸುತ್ತನ್ನು ಹಾಕಿಯೇ ಬಿಡೋಣವೆಂದು ಹೊರಟೆ. ಅರ್ಧ ದಾರಿಯಲ್ಲಿ ಬಲಗಾಲಿನ ಮೀನಖಂಡದ ಆಳದಲ್ಲಿ ಯಾರೋ ಒದ್ದೆ ಬಟ್ಟೆಯನ್ನು ಮೆಲ್ಲಗೆ ಹಿಂಡುತ್ತಿರುವಂತಹ ಬಿಗಿತ ಶುರುವಾಯಿತು. ಓಡುತ್ತ ಓಡುತ್ತ ಸರಿಹೋದೀತು ಎಂದುಕೊಂಡು ಇನ್ನೂ ಇನ್ನೂರು ಹೆಜ್ಜೆ ಮುಂದುವರಿಸಿದೆ. ಆಮೇಲೆ ಹಿಮ್ಮಡಿಯನ್ನು ಎತ್ತಲೇ ಆಗಲಿಲ್ಲ. ಕೆರೆಯ ಸುತ್ತಿನ ನಟ್ಟನಡುವೆ ನಿಂತವನಿಗೆ ಮುಂದಕ್ಕೂ ಹಿಂದಕ್ಕೂ ಒಂದೇ ದೂರ. ಕುಂಟುತ್ತಿದ್ದ ನನ್ನನ್ನು ಕಂಡು ಕಲ್ಲುಬೆಂಚಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ನರ ಹಿಡ್ಕೊಂಡಿದೆ ಸ್ವಾಮಿ, ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿಸಿ" ಎಂದರು.

ನಮ್ಮ ಆಡುಮಾತಿನಲ್ಲಿ ನರ ಎಂಬ ಒಂದೇ ಪದ ನರಕ್ಕೂ, ರಕ್ತನಾಳಕ್ಕೂ, ಸ್ನಾಯುವಿಗೂ, ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುವಿಗೂ ಸಲ್ಲುತ್ತದೆ. ಮನೆಮಾತಿಗೆ ಅಷ್ಟು ಸಾಕು, ಆದರೆ ಮತ್ತೆ ಓಡಲು ಹೊರಟವರಿಗೆ ಸಾಲದು. ಏಕೆಂದರೆ ಈ ನಾಲ್ಕೂ ಕೆಡುವ ರೀತಿ ಬೇರೆ, ಸರಿಹೋಗಲು ಬೇಡುವ ಕಾಲ ಬೇರೆ. ಸಣ್ಣದಾಗಿ ಹರಿದ ಸ್ನಾಯು ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ರಜ್ಜುವಿನ ನೋವು ತಿಂಗಳುಗಟ್ಟಲೆ ಎಳೆಯುತ್ತದೆ. ನಿಜವಾದ ನರದ ನೋವಿನ ಮೂಲ ಅನೇಕ ವೇಳೆ ಕಾಲಿನಲ್ಲಿರದೆ ಸೊಂಟದಲ್ಲಿರುತ್ತದೆ. ಮೀನಖಂಡದ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರಂತೂ ಎಣ್ಣೆ ಹಚ್ಚಿ ತಿಕ್ಕುವುದೇ ಅಪಾಯ. ಆದ್ದರಿಂದ ಓಟದ ವೇಳಾಪಟ್ಟಿಗಿಂತ ಮೊದಲು ಕಾಲಿನ ಒಳಗೆ ಏನೇನಿದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಎರಡು ಗಡಿಯಾರಗಳು

ಮರಳಿ ಓಡಲು ಹೊರಟವರ ದೇಹದಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು ನಡೆಯುತ್ತಿರುತ್ತವೆ. ಉಸಿರಿನ ಗಡಿಯಾರ ಚುರುಕಿನದು. ಓಟ ನಿಲ್ಲಿಸಿದ ಒಂದೆರಡು ವಾರಗಳಲ್ಲೇ ರಕ್ತದ ದ್ರವಭಾಗ ಇಳಿದು, ಹೃದಯ ಒಂದೊಂದು ಬಡಿತಕ್ಕೆ ಹೊರಹಾಕುವ ರಕ್ತ ಕಡಿಮೆಯಾಗುತ್ತದೆ; ಆದರೆ ಮತ್ತೆ ಓಡತೊಡಗಿದರೆ ಅಷ್ಟೇ ಬೇಗ ಅದು ಮರಳಿ ತುಂಬಿಕೊಳ್ಳುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಸ್ನಾಯುಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳು ಹೆಚ್ಚಿ, ಅದೇ ದೂರ ಸಲೀಸೆನಿಸತೊಡಗುತ್ತದೆ. ಮೂರನೆಯ ವಾರದಲ್ಲಿ ನನಗೆ ಬಂದ ಹುಮ್ಮಸ್ಸಿನ ಮೂಲ ಇದೇ.

ಮೂಳೆ ಮತ್ತು ರಜ್ಜುಗಳ ಗಡಿಯಾರ ಹಾಗಲ್ಲ. ಹೊಸ ಹೊರೆ ಬಿದ್ದಾಗ ಮೂಳೆ ನೇರವಾಗಿ ಗಟ್ಟಿಯಾಗುವುದಿಲ್ಲ; ಮೊದಲು ಕೆಲವು ಕೋಶಗಳು ಹಳೆಯ ಮೂಳೆಯನ್ನು ಕೊರೆದು ತೆಗೆಯುತ್ತವೆ, ಆಮೇಲೆ ಬೇರೆ ಕೋಶಗಳು ಬಂದು ಹೊಸದನ್ನು ತುಂಬುತ್ತವೆ. ಅಗೆತಕ್ಕೆ ಕೆಲವೇ ವಾರ ಸಾಕು, ತುಂಬುವುದಕ್ಕೆ ತಿಂಗಳುಗಳು ಬೇಕು. ನಮ್ಮ ಬೀದಿಗಳಲ್ಲಿ ರಸ್ತೆ ಅಗೆದು ಹೋದವರು ಮರಳಿ ಡಾಂಬರು ಹಾಕಲು ಎಷ್ಟು ಕಾಲ ತೆಗೆದುಕೊಳ್ಳುತ್ತಾರೆ ಎಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ನಡುವಿನ ಅವಧಿಯಲ್ಲಿ ಅದೇ ರಸ್ತೆಯ ಮೇಲೆ ಲಾರಿ ಓಡಿಸಿದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ.

ರಜ್ಜುವಿನ ಕಥೆ ಇನ್ನೂ ನಿಧಾನದ್ದು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಆ ಕಾಲದಲ್ಲಿ ಬೆಳೆದವರ ಮೈಯಲ್ಲೂ ಗುರುತು ಉಳಿಸಿದೆ. ಡೆನ್ಮಾರ್ಕಿನ ಸಂಶೋಧಕರು ಅದರ ಜಾಡು ಹಿಡಿದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜುವಿನ ತಿರುಳು ಸುಮಾರು ಹದಿನೇಳನೆಯ ವಯಸ್ಸಿನ ಹೊತ್ತಿಗೆ ಕಟ್ಟಿ ಮುಗಿದಿರುತ್ತದೆ, ಆಮೇಲೆ ಅದು ಹೊಸದಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಹೊರೆಗೆ ತಕ್ಕಂತೆ ರಜ್ಜು ಬಿಗಿಯಾಗಬಲ್ಲದು, ಆದರೆ ಅದಕ್ಕೆ ಎರಡು ಮೂರು ತಿಂಗಳುಗಳ ಕ್ರಮಬದ್ಧ ದುಡಿಮೆ ಬೇಕು. ಹೀಗಾಗಿ ಮರಳಿ ಓಡುವವರ ಪಾಲಿಗೆ ಅಪಾಯದ ಕಾಲ ಮೊದಲ ವಾರವಲ್ಲ. ಆಗ ಉಸಿರೇ ನಮ್ಮನ್ನು ತಡೆಯುತ್ತದೆ. ಉಸಿರು ತಡೆಯುವುದನ್ನು ಬಿಟ್ಟ ಮೇಲೆ, ಕಾಲು ಇನ್ನೂ ಸಿದ್ಧವಾಗುವ ಮೊದಲು, ಅಂದರೆ ಸರಿಸುಮಾರು ನಾಲ್ಕರಿಂದ ಎಂಟನೆಯ ವಾರದವರೆಗೆ ನಾವೇ ನಮ್ಮನ್ನು ತಡೆದುಕೊಳ್ಳಬೇಕಾಗುತ್ತದೆ.

ಕೈಯಿಂದ ಮುಟ್ಟಿ ತಿಳಿಯುವುದು

ಅಂಗರಚನೆಯ ಚಿತ್ರಪಟಕ್ಕಿಂತ ನಮ್ಮದೇ ಬೆರಳುಗಳು ಹೆಚ್ಚು ಕಲಿಸುತ್ತವೆ. ಚಡ್ಡಿ ತೊಟ್ಟು, ಗಟ್ಟಿಯಾದ ಕುರ್ಚಿಯೊಂದರ ಮೇಲೆ ಕುಳಿತುಕೊಳ್ಳಿ.

ಒಂದು ಕಾಲನ್ನು ಮುಂದಕ್ಕೆ ನೀಡಿ ಮಂಡಿಯನ್ನು ನೆಟ್ಟಗೆ ಮಾಡಿದರೆ ತೊಡೆಯ ಮುಂಭಾಗ ಕಲ್ಲಿನಂತಾಗುತ್ತದೆ. ಇದು ಕ್ವಾಡ್ರಿಸೆಪ್ಸ್, ನಾಲ್ಕು ಸ್ನಾಯುಗಳ ಕೂಟ. ನಾಲ್ಕೂ ಸೇರಿ ಮಂಡಿಚಿಪ್ಪನ್ನು ಹಿಡಿದು, ಅದರ ಕೆಳಗೆ ಬೆರಳಿಗೆ ಸಿಗುವ ಮೂಳೆಯ ಉಬ್ಬಿನಲ್ಲಿ ಕೊನೆಗೊಳ್ಳುತ್ತವೆ. ಓಟದಲ್ಲಿ ಇದರ ಮುಖ್ಯ ಕೆಲಸ ಮುಂದಕ್ಕೆ ತಳ್ಳುವುದಲ್ಲ, ತಡೆಯುವುದು. ಪಾದ ನೆಲಕ್ಕೆ ತಾಗಿದೊಡನೆ ಮಂಡಿ ಸ್ವಲ್ಪ ಮಡಿಯುತ್ತದೆ; ಅದು ಕುಸಿದುಬೀಳದಂತೆ ಈ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿದಿರಬೇಕು. ಬಾವಿಯೊಳಕ್ಕೆ ಕೊಡವನ್ನು ಇಳಿಬಿಡುವಾಗ ಹಗ್ಗವನ್ನು ತಡೆತಡೆದು ಬಿಡುವ ಕೈಗಳ ಕೆಲಸವೇ ಇದು, ಮತ್ತು ಅಂಗೈ ಉರಿಯುವುದು ಈ ಕೆಲಸದಲ್ಲೇ. ಆಷಾಢ ಶುಕ್ರವಾರದಂದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ಬಸ್ಸಿನಲ್ಲಿ ಇಳಿದವರು ಮರುದಿನ ಆರಾಮವಾಗಿ ಓಡಾಡುತ್ತಾರೆ; ಮೆಟ್ಟಿಲುಗಳಲ್ಲೇ ಇಳಿದು ಬಂದವರು ಭಾನುವಾರದ ಹೊತ್ತಿಗೆ ಶೌಚಾಲಯದಲ್ಲಿ ಕುಕ್ಕರುಗಾಲಿನಲ್ಲಿ ಕೂರಲು ಗೋಡೆ ಹಿಡಿಯುತ್ತಾರೆ. ಹತ್ತುವುದರಲ್ಲಿ ಆಯಾಸವಿದೆ, ನೋವು ಇರುವುದು ಇಳಿಯುವುದರಲ್ಲಿ. ಒಂದು ದಿನ ಬಿಟ್ಟು ಬಂದು ಎರಡು ಮೂರು ದಿನಗಳಲ್ಲಿ ತಾನೇ ಹೋಗುವ ಈ ನೋವು ಗಾಯವಲ್ಲ. ಅದೇ ಕೆಲಸವನ್ನು ವಾರದ ನಂತರ ಮತ್ತೆ ಮಾಡಿದರೆ ಅರ್ಧದಷ್ಟೂ ನೋಯುವುದಿಲ್ಲ.

ಈಗ ಮಂಡಿ ಮಡಿಸಿ ಹಿಮ್ಮಡಿಯನ್ನು ನೆಲಕ್ಕೊತ್ತಿ ಹಿಂದಕ್ಕೆ ಎಳೆಯುವಂತೆ ಮಾಡಿ, ಮಂಡಿಯ ಹಿಂಬದಿಯ ಎರಡು ಅಂಚುಗಳಲ್ಲಿ ಬೆರಳಿಡಿ. ತಂತಿಯಂತೆ ಬಿಗಿದು ನಿಲ್ಲುವ ಹುರಿಗಳು ಸಿಗುತ್ತವೆ: ಹೊರಗಡೆ ಒಂದು, ಒಳಗಡೆ ಒತ್ತಾಗಿ ಎರಡು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಎಂಬ ಮೂರು ಸ್ನಾಯುಗಳ ಕೊನೆಗಳು ಇವು. ಗಾಳಿಯಲ್ಲಿ ಮುಂದಕ್ಕೆ ಬೀಸಿ ಬರುವ ಕಾಲಿಗೆ ನೆಲ ತಾಗುವ ತುಸು ಮೊದಲು ಬ್ರೇಕ್ ಹಾಕುವುದು ಇವುಗಳೇ. ವೇಗ ಹೆಚ್ಚಿದಷ್ಟೂ ಇವುಗಳ ಹೊರೆ ತೀವ್ರವಾಗಿ ಏರುವುದರಿಂದ, ನಿಧಾನವಾಗಿ ಓಡುವವರ ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಅಪರೂಪ. ಬೀದಿನಾಯಿ ಬೊಗಳಿದೊಡನೆ ಕಿತ್ತು ಓಡಿದವರ ಮಾತು ಬೇರೆ. ನಾಯಿಯ ಮುಂದೆ ನಡೆಯುವುದೇ ಎರಡೂ ದೃಷ್ಟಿಯಿಂದ ಕ್ಷೇಮ.

ಎದ್ದು ನಿಂತು, ಸೊಂಟದ ಮೂಳೆಯ ಅಂಚಿನಿಂದ ನಾಲ್ಕು ಬೆರಳು ಕೆಳಗೆ ಪಕ್ಕಕ್ಕೆ ಕೈಯಿಟ್ಟುಕೊಂಡು ಅದೇ ಬದಿಯ ಒಂಟಿಕಾಲಿನ ಮೇಲೆ ನಿಲ್ಲಿ. ಕೈಯ ಕೆಳಗೆ ಗಟ್ಟಿಯಾಗುವುದು ಗ್ಲುಟಿಯಸ್ ಮೀಡಿಯಸ್. ಓಟವೆಂದರೆ ಒಂಟಿಕಾಲಿನ ನಿಲುವುಗಳ ಸರಣಿ. ಎರಡೂ ಪಾದಗಳು ಒಟ್ಟಿಗೆ ನೆಲದ ಮೇಲಿರುವ ಗಳಿಗೆಯೇ ಅದರಲ್ಲಿಲ್ಲ. ಈ ಸ್ನಾಯು ಸೋತರೆ ಎತ್ತಿದ ಕಾಲಿನ ಬದಿಗೆ ಸೊಂಟ ಜಗ್ಗಿ, ನಿಂತ ಕಾಲಿನ ಮಂಡಿ ಒಳಕ್ಕೆ ವಾಲುತ್ತದೆ. ಕನ್ನಡಿಯ ಮುಂದೆ ನಿಂತು ಒಂಟಿಕಾಲಿನಲ್ಲಿ ಅರ್ಧ ಬಸ್ಕಿ ಹೊಡೆದು ನೋಡಿದರೆ ನಿಮ್ಮದು ಯಾವ ಬಗೆ ಎಂಬುದು ತಾನೇ ಕಾಣುತ್ತದೆ. ಅದರ ಹಿಂದಿರುವ ದೊಡ್ಡ ಪೃಷ್ಠದ ಸ್ನಾಯು ದಿನವಿಡೀ ಕುರ್ಚಿಯಲ್ಲಿ ಕೂರುವವರಲ್ಲಿ ಮಂಕಾಗಿರುತ್ತದೆ. ಏರು ಹತ್ತುವಾಗ ಅದು ನೆನಪಾಗುತ್ತದೆ.

ಇನ್ನು ಮೀನಖಂಡ. ಮರಳಿ ಓಡುವವರು, ಅದರಲ್ಲೂ ನಲವತ್ತು ದಾಟಿದವರು, ಎಡವುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಒಂದೇ ಎಂದುಕೊಂಡಿರುವ ಮೀನಖಂಡದಲ್ಲಿ ಎರಡು ಸ್ನಾಯುಗಳಿವೆ. ತುದಿಗಾಲಿನ ಮೇಲೆ ನಿಂತಾಗ ಮೇಲ್ಭಾಗದಲ್ಲಿ ಎರಡು ಹೋಳುಗಳಾಗಿ ಉಬ್ಬುವುದು ಗ್ಯಾಸ್ಟ್ರಾಕ್ನೀಮಿಯಸ್. ಅದು ಮಂಡಿಯ ಮೇಲೆ, ತೊಡೆಮೂಳೆಯಲ್ಲಿ ಹುಟ್ಟುತ್ತದೆ. ಅದರ ಅಡಿಯಲ್ಲಿ ಅಗಲವಾಗಿ, ಚಪ್ಪಟೆಯಾಗಿ ಹಾಸಿಕೊಂಡಿರುವುದು ಸೋಲಿಯಸ್. ಅದು ಮಂಡಿಯ ಕೆಳಗೆ ಹುಟ್ಟುತ್ತದೆ. ಎರಡೂ ಕೂಡಿ ಅಕಿಲಿಸ್ ರಜ್ಜುವಾಗಿ ಹಿಮ್ಮಡಿಯನ್ನು ಹಿಡಿಯುತ್ತವೆ. ಸೋಲಿಯಸ್ ಎಂಬ ಲ್ಯಾಟಿನ್ ಹೆಸರಿನ ಮೂಲಪದಕ್ಕೆ ಚಪ್ಪಲಿ ಎಂದೂ, ಒಂದು ಜಾತಿಯ ಚಪ್ಪಟೆ ಮೀನು ಎಂದೂ ಅರ್ಥವಿದೆ. ಇತ್ತ ನಮ್ಮವರೂ ಅದೇ ಜಾಗವನ್ನು ಮೀನಖಂಡ ಎಂದೇ ಕರೆದಿರುವುದು ನನಗೆ ಸೋಜಿಗದ ಸಂಗತಿ.

ಕುರ್ಚಿಯಲ್ಲಿ ಕುಳಿತು ಮಂಡಿ ಮಡಿಸಿಕೊಂಡೇ ಹಿಮ್ಮಡಿಯನ್ನು ಎತ್ತಿ, ಕೈಯಿಂದ ಮಂಡಿಯನ್ನು ಕೆಳಕ್ಕೊತ್ತಿ. ಮಂಡಿ ಮಡಿದಾಗ ಮೇಲಿನ ಸ್ನಾಯು ಸಡಿಲಗೊಂಡು ಕೆಲಸವೆಲ್ಲ ಸೋಲಿಯಸ್‌ನ ಪಾಲಿಗೆ ಬರುತ್ತದೆ. ಮೀನಖಂಡದ ಕೆಳಗಿನ ಅರ್ಧದ ಎರಡು ಪಕ್ಕಗಳಲ್ಲಿ ಬೆರಳಿಗೆ ಗಟ್ಟಿಯಾಗಿ ಸಿಗುವುದು ಅದೇ. ನೋಡಲು ಅಂದವಿಲ್ಲದ ಈ ಸ್ನಾಯು ಓಟದ ನಿಜವಾದ ಕೂಲಿಯಾಳು. ಅದರ ಎಳೆಗಳಲ್ಲಿ ಬಹುಪಾಲು ನಿಧಾನವಾಗಿ ದಣಿಯುವ ಜಾತಿಯವು. ಓಡುವಾಗ ನೆಲ ನಮ್ಮನ್ನು ತಿರುಗಿ ಒತ್ತುವ ಬಲ ದೇಹತೂಕದ ಎರಡೂವರೆ ಪಟ್ಟಿನಷ್ಟಿದ್ದರೆ, ಪಾದದ ಸನ್ನೆಗೋಲಿನ ಲೆಕ್ಕದಲ್ಲಿ ಸೋಲಿಯಸ್ ಒಂದರ ಮೇಲೆಯೇ ಬೀಳುವ ಬಲ ದೇಹತೂಕದ ಆರೇಳು ಪಟ್ಟು ಆಗಬಲ್ಲದು. ನಿಮಿಷಕ್ಕೆ 165 ಹೆಜ್ಜೆಯಂತೆ ಅರ್ಧ ಗಂಟೆ ಓಡಿದರೆ ಒಂದೊಂದು ಕಾಲಿಗೂ ಸುಮಾರು ಎರಡೂವರೆ ಸಾವಿರ ಸಲ ಈ ಹೊರೆ. ನಡಿಗೆಯಲ್ಲಿ ಇಷ್ಟು ಹೊರೆ ಬೀಳುವುದೇ ಇಲ್ಲ. ವರ್ಷಗಟ್ಟಲೆ ದಿನವೂ ವಾಕಿಂಗ್ ಮಾಡುತ್ತ ಬಂದವರಿಗೂ ಓಟದಲ್ಲಿ ಮೀನಖಂಡ ಕೈಕೊಡುವುದು ಇದರಿಂದಲೇ.

ಕೆಳಗಾಲಿನ ಮುಂದಿನ ಮೂಳೆಯ ಹೊರಬದಿಯಲ್ಲಿ, ಪಾದವನ್ನು ಮೇಲಕ್ಕೆತ್ತಿದಾಗ ಏಳುವ ಸ್ನಾಯು ಟಿಬಿಯಾಲಿಸ್ ಆ್ಯಂಟೀರಿಯರ್. ಬಿರುಸಿನ ನಡಿಗೆಯ ಮೊದಲ ದಿನಗಳಲ್ಲಿ ಉರಿಯುವುದು ಅದೇ. ಅದು ಬೇಗ ಹೊಂದಿಕೊಳ್ಳುತ್ತದೆ.

ಹೊರಡುವ ಮುನ್ನ

ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಧೂಮಪಾನದ ಅಭ್ಯಾಸ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದವರಿದ್ದರೆ ಅಂಥವರು, ಶ್ರಮಪಟ್ಟಾಗ ಎದೆ ಹಿಡಿದಂತಾಗುವವರು ಮೊದಲು ವೈದ್ಯರನ್ನು ಕಾಣಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ಉಳಿದವರಿಗೆ ನನ್ನ ಪರೀಕ್ಷೆ ಸರಳ: ಎರಡು ವಾರಗಳ ಕಾಲ, ವಾರಕ್ಕೆ ಐದು ದಿನ, ನಲವತ್ತು ನಿಮಿಷ ಬಿರುಸಾಗಿ ನಡೆದು ಮರುದಿನ ಬೆಳಿಗ್ಗೆ ಯಾವ ನೋವೂ ಇಲ್ಲದೆ ಏಳುವಂತಿದ್ದರೆ ಓಟಕ್ಕೆ ಕಾಲಿಡಬಹುದು.

ಅಟ್ಟದ ಮೇಲಿನ ಹಳೆಯ ಶೂ ಇಳಿಸಬೇಡಿ. ನಾನು ಇಳಿಸಿದ್ದೆ. ನೋಡಲು ಹೊಸದರಂತಿದ್ದ ಅದರ ಅಟ್ಟೆ ಎರಡನೆಯ ದಿನವೇ ಮುಂಭಾಗದಲ್ಲಿ ಬಾಯಿಬಿಟ್ಟು, ಪಟಪಟ ಬಡಿಯುತ್ತ ಮನೆಯವರೆಗೂ ಬಂತು. ಬಳಸದೆ ಇಟ್ಟರೂ ಅಂಟು ಸಾಯುತ್ತದೆ, ಒಳಗಿನ ನೊರೆ ಗಡುಸಾಗುತ್ತದೆ. ಹೊಸದನ್ನು ಕೊಳ್ಳಲು ಹೋದಲ್ಲಿ ಅಂಗಡಿಯವನೊಬ್ಬ ನನಗೆ ಹಿಮ್ಮಡಿ ಎತ್ತರವೇ ಇಲ್ಲದ, ಬರಿಗಾಲಿನಂತಿರುವ ಶೂ ಹೊಂದುತ್ತದೆಂದು ಒತ್ತಾಯಿಸಿದ. ಹಿಮ್ಮಡಿ ತಗ್ಗಿದಷ್ಟೂ ಮಂಡಿಯ ಹೊರೆ ಇಳಿದು ಮೀನಖಂಡದ ಹೊರೆ ಏರುತ್ತದೆ ಎಂಬುದನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರಳುವ ಮೊದಲ ಆರು ತಿಂಗಳು ಹಿಮ್ಮಡಿ ಮುಂಗಾಲಿಗಿಂತ 8 ರಿಂದ 10 ಮಿಲಿಮೀಟರ್ ಎತ್ತರವಿರುವ, ಹಾಕಿದೊಡನೆ ಹಿತವೆನಿಸುವ ಸಾಧಾರಣ ಓಟದ ಶೂ ಸಾಕು. ಹಾಗೆಯೇ, ಹಿಮ್ಮಡಿ ಊರಿ ಓಡುವವರು ಯಾರದೋ ವಿಡಿಯೋ ನೋಡಿ ಮುಂಗಾಲಿನ ಓಟಕ್ಕೆ ಬದಲಾಗುವುದಕ್ಕೆ ಇದು ಕಾಲವಲ್ಲ.

ನಡಿಗೆ ಬೆರೆತ ಓಟ

ಓಟ ವಾರಕ್ಕೆ ಮೂರೇ ದಿನ, ನಡುವೆ ಕನಿಷ್ಠ ಒಂದು ದಿನದ ಬಿಡುವು. ಪ್ರತಿ ಸಲ ಮೊದಲ ಐದು ನಿಮಿಷ ಬಿರುಸಿನ ನಡಿಗೆ. ಹೊರಡುವ ಮೊದಲು ನಿಂತಲ್ಲೇ ಸ್ನಾಯುಗಳನ್ನು ಬಹಳ ಹೊತ್ತು ಜಗ್ಗಿ ಹಿಡಿಯುವುದರಿಂದ ಗಾಯ ತಪ್ಪುವುದಿಲ್ಲ, ಆ ಸಮಯವನ್ನು ನಡಿಗೆಗೆ ಕೊಡುವುದು ಲಾಭ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಇದು ಮೊದಲ ಎರಡು ವಾರಗಳ ಪಾಠ. ಮುಂದಿನ ಎರಡು ವಾರ ಎರಡು ನಿಮಿಷ ಓಟಕ್ಕೆ ಎರಡು ನಿಮಿಷ ನಡಿಗೆ, ಆರು ಸಲ. ಅದರ ಮುಂದೆ ಮೂರಕ್ಕೆ ಒಂದು, ಐದಕ್ಕೆ ಒಂದು, ಹತ್ತಕ್ಕೆ ಒಂದು. ಒಂದೊಂದು ಮೆಟ್ಟಿಲಿನ ಮೇಲೂ ಎರಡೆರಡು ವಾರ ನಿಂತರೆ ಹನ್ನೊಂದನೆಯ ವಾರದ ಹೊತ್ತಿಗೆ ಬಿಡುವಿಲ್ಲದೆ ಅರ್ಧ ಗಂಟೆ ಓಡುವ ಹಂತ ಬರುತ್ತದೆ. ನಾಲ್ಕನೆಯ ವಾರದಲ್ಲಿ ಇದು ತೀರ ಸಪ್ಪೆಯೆನಿಸುತ್ತದೆ, ಪಕ್ಕದಲ್ಲಿ ಹಾದುಹೋಗುವ ಹುಡುಗರನ್ನು ಕಂಡು ಕಾಲು ತುರಿಸುತ್ತದೆ. ಸಪ್ಪೆಯೆನಿಸಿದರೆ ಯೋಜನೆ ಸರಿಯಾಗಿಯೇ ನಡೆಯುತ್ತಿದೆ ಎಂದುಕೊಳ್ಳಿ.

ವೇಗದ ಅಳತೆಗೋಲು ಮಾತು. ಜೊತೆಯವರಿಗೆ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಕಟ್ಟದೆ ಹೇಳುವಂತಿರಬೇಕು. ಒಂಟಿಯಾಗಿ ಓಡುವವರು ಯಾವುದಾದರೂ ವಚನವನ್ನು ಮೆಲ್ಲಗೆ ಹೇಳಿಕೊಂಡು ನೋಡಬಹುದು. ಕೈಗಡಿಯಾರದ ಆ್ಯಪ್ ತೋರಿಸುವ ವೇಗವನ್ನು ಮೂರು ತಿಂಗಳು ಮರೆಯುವುದು ಲೇಸು, ಏಕೆಂದರೆ ಅದು ಎಂಟು ವರ್ಷ ಹಿಂದಿನ ನಮ್ಮೊಂದಿಗೇ ಪೈಪೋಟಿಗೆ ಇಳಿಸುತ್ತದೆ. ಹೆಜ್ಜೆಯನ್ನು ಸ್ವಲ್ಪ ಮೊಟಕಾಗಿಸಿ, ಅದೇ ವೇಗಕ್ಕೆ ನಿಮಿಷಕ್ಕೆ ಐದರಿಂದ ಹತ್ತು ಪ್ರತಿಶತ ಹೆಚ್ಚು ಹೆಜ್ಜೆ ಹಾಕಿದರೆ ಮಂಡಿ ಮತ್ತು ಸೊಂಟದ ಕೀಲಿನ ಹೊರೆ ಇಳಿಯುತ್ತದೆ. ಮಂಡಿ ನೋವಿನ ಇತಿಹಾಸವಿರುವವರಿಗೆ ಇದು ಕಾಸಿಲ್ಲದ ಔಷಧಿ.

ವಾರಕ್ಕೆ ಹತ್ತು ಪ್ರತಿಶತದಷ್ಟೇ ದೂರ ಹೆಚ್ಚಿಸಬೇಕೆಂಬ ನಿಯಮ ಎಲ್ಲರ ಬಾಯಲ್ಲೂ ಇದೆ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ನಿಯಮವನ್ನು ಅನ್ವಯಿಸಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಗಾಯವಾಗಿತ್ತು, ವ್ಯತ್ಯಾಸ ಕಾಣಲಿಲ್ಲ. ನನ್ನ ಅನುಭವದಲ್ಲಿ ಕೆಡಿಸುವುದು ವಾರದ ಮೊತ್ತಕ್ಕಿಂತ ಒಂದೇ ದಿನದ ಅತಿಯಾಸೆ. ಮೂರು ಕಿಲೋಮೀಟರ್ ಓಡುತ್ತಿದ್ದವನು ಒಂದು ಬೆಳಿಗ್ಗೆ ಐದಕ್ಕೆ ಹೊರಟದ್ದೇ ನನ್ನ ತಪ್ಪು.

ಯಾವ ನೋವಿಗೆ ಏನು ಅರ್ಥ

ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಮೂರನ್ನು ಮೀರದ, ಓಡುತ್ತ ಹೆಚ್ಚಾಗದ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹಿಂದಿನ ದಿನಕ್ಕಿಂತ ಜಾಸ್ತಿ ಇರದ ನೋವನ್ನು ಸಹಿಸಿಕೊಂಡು ಮುಂದುವರಿಯಬಹುದು. ತೀರ್ಪುಗಾರ ಮರುದಿನದ ಬೆಳಗು. ಓಡುವಾಗ ಬಿಸಿಯಾದ ಕಾಲು ಸುಳ್ಳು ಹೇಳುತ್ತದೆ. ಬೆಳಿಗ್ಗೆಯ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಮೇಲಿನ ರಜ್ಜು ಗಡಸಾಗಿದ್ದು, ಅಡುಗೆಮನೆ ತಲುಪುವಷ್ಟರಲ್ಲಿ ಸಡಿಲವಾಗುತ್ತಿದ್ದರೆ ಅಕಿಲಿಸ್ ರಜ್ಜು ದೂರು ಕೊಡುತ್ತಿದೆ ಎಂದರ್ಥ. ಅದೇ ಹೊತ್ತಿನಲ್ಲಿ ಅಂಗಾಲಿನ ಹಿಮ್ಮಡಿ ಭಾಗ ಚುಚ್ಚಿದರೆ ಪಾದದ ತಳದ ಪಟ್ಟಿಯ ತೊಂದರೆ. ರಜ್ಜುವಿನ ನೋವಿಗೆ ಪೂರ್ಣ ವಿಶ್ರಾಂತಿ ಮದ್ದಲ್ಲ. ಹೊರೆ ತಗ್ಗಿಸಿ, ನಿಲ್ಲಿಸದೆ, ಮುಂದೆ ಹೇಳುವ ವ್ಯಾಯಾಮವನ್ನು ಮಾಡಬೇಕು.

ಓಡುವಾಗ ಮೀನಖಂಡದ ಮೇಲ್ಭಾಗದ ಒಳಹೋಳಿಗೆ ಯಾರೋ ಹಿಂದಿನಿಂದ ಕಲ್ಲು ಹೊಡೆದಂತೆ ಫಟ್ಟನೆ ಬಡಿದರೆ ಗ್ಯಾಸ್ಟ್ರಾಕ್ನೀಮಿಯಸ್ ಹರಿದಿರುವ ಸಂಭವ ಹೆಚ್ಚು. ನನಗಾದಂತೆ ಆಳದಲ್ಲಿ ಮೆಲ್ಲಮೆಲ್ಲಗೆ ಬಿಗಿಯುತ್ತ ಬಂದು, ಮಂಡಿ ಮಡಿಸಿ ಹಿಮ್ಮಡಿ ಎತ್ತಿದಾಗಲೂ ನೋಯುವುದಾದರೆ ಅದು ಸೋಲಿಯಸ್. ಬಿಗಿತ ಕಾಣಿಸಿದ ಕ್ಷಣವೇ ನಿಂತು ನಡೆದಿದ್ದರೆ ನಾನು ಒಂದು ವಾರದಲ್ಲಿ ಮರಳುತ್ತಿದ್ದೆ. ಆ ಇನ್ನೂರು ಹೆಜ್ಜೆಗಳ ಹಟಕ್ಕೆ ಐದು ವಾರ ತೆತ್ತೆ. ಹಿಮ್ಮಡಿಯ ಮೇಲೆ ಫಟ್ಟೆಂದು ಸದ್ದಾಗಿ, ತುದಿಗಾಲಿನ ಮೇಲೆ ನಿಲ್ಲಲು ಬಲವೇ ಇಲ್ಲದಂತಾದರೆ ರಜ್ಜುವೇ ತುಂಡಾಗಿರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡು ನೋವುಗಳನ್ನು ಯಾವ ಕಾರಣಕ್ಕೂ ಕಡೆಗಣಿಸಬಾರದು. ಕೆಳಗಾಲಿನ ಒಳಅಂಚಿನ ಉದ್ದಕ್ಕೂ ಹರಡಿದ ನೋವು ಸಾಮಾನ್ಯ, ಹೊರೆ ಇಳಿಸಿದರೆ ಇಳಿಯುತ್ತದೆ; ಆದರೆ ಒಂದೇ ಬೆರಳಿನಿಂದ ತೋರಿಸಬಹುದಾದ ಒಂದು ಬಿಂದುವಿನಲ್ಲಿ ಮೂಳೆ ನೋಯುತ್ತಿದ್ದು, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ ಅದು ಬಿರುಕಾಗಿರಬಹುದು, ಓಟ ಅಂದೇ ನಿಲ್ಲಬೇಕು. ಆರಂಭದ ಎಕ್ಸ್-ರೇಯಲ್ಲಿ ಅದು ಅನೇಕ ವೇಳೆ ಕಾಣದು ಎಂಬುದನ್ನೂ ನೆನಪಿಡಿ. ಇನ್ನೊಂದು, ಒಂದೇ ಕಾಲಿನ ಮೀನಖಂಡ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿದ್ದು, ಕುಳಿತಾಗಲೂ ನೋಯುವುದು. ರಾತ್ರಿಯಿಡೀ ಬಸ್ಸಿನಲ್ಲೋ ವಿಮಾನದಲ್ಲೋ ಕಾಲು ಇಳಿಬಿಟ್ಟು ಬಂದವರಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಮಲಗಿದ್ದವರಲ್ಲಿ ಇದು ಹೆಪ್ಪುಗಟ್ಟಿದ ರಕ್ತವಾಗಿರಬಹುದು. ತಿಕ್ಕಬಾರದು, ಕಾಯಬಾರದು, ವೈದ್ಯರಲ್ಲಿಗೆ ಹೋಗಬೇಕು; ಜೊತೆಗೆ ಉಸಿರಾಟಕ್ಕೂ ತೊಂದರೆಯಾದರೆ ತುರ್ತು ಚಿಕಿತ್ಸೆಗೆ.

ಗೋಡೆ, ಮೆಟ್ಟಿಲು, ಅಕ್ಕಿ ಮೂಟೆ

ಫಿಸಿಯೋಥೆರಪಿಸ್ಟ್ ನನಗೆ ಮೊದಲು ಮಾಡಿಸಿದ್ದು ಒಂದು ಎಣಿಕೆ. ಗೋಡೆಗೆ ಎರಡು ಬೆರಳು ತಾಗಿಸಿ, ಒಂಟಿಕಾಲಿನಲ್ಲಿ, ಮಂಡಿ ನೆಟ್ಟಗಿಟ್ಟು, ಎರಡು ಸೆಕೆಂಡಿಗೆ ಒಂದರಂತೆ ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಬೇಕು. ಎತ್ತರ ಕುಗ್ಗಿದಾಗ, ಅಥವಾ ಮಂಡಿ ಮಡಿದಾಗ ಎಣಿಕೆ ನಿಲ್ಲುತ್ತದೆ. ಆರೋಗ್ಯವಂತ ವಯಸ್ಕರಿಗೆ 25 ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ, ವಯಸ್ಸಾದಂತೆ ಅದು ಇಳಿಯುತ್ತದೆ. ನನ್ನ ಎಡಗಾಲು 24ರವರೆಗೆ ಹೋಯಿತು. ಎರಡು ವಾರ ವಿಶ್ರಾಂತಿ ಪಡೆದು ನೋವು ಹೋಗಿದ್ದ ಬಲಗಾಲು ಒಂಬತ್ತಕ್ಕೆ ನಡುಗತೊಡಗಿ, ಹನ್ನೊಂದಕ್ಕೆ ಹಿಮ್ಮಡಿ ತಾನಾಗಿಯೇ ನೆಲಕ್ಕೆ ಬಿತ್ತು. ನೋವು ಇಲ್ಲದಿರುವುದು ಬೇರೆ, ಬಲ ಇರುವುದು ಬೇರೆ ಎಂಬುದು ಅಂದು ತಿಳಿಯಿತು. ಓಟ ಶುರುಮಾಡುವ ಮೊದಲೇ ಈ ಎಣಿಕೆ ಮಾಡಿ ಬರೆದಿಡಿ. ಎರಡು ಕಾಲುಗಳ ನಡುವೆ ಐದಕ್ಕಿಂತ ಹೆಚ್ಚು ಅಂತರವಿದ್ದರೆ ನಡಿಗೆಯ ವಾರಗಳನ್ನು ಇನ್ನಷ್ಟು ಎಳೆಯಿರಿ.

ವ್ಯಾಯಾಮ ಇದರಿಂದಲೇ ಹುಟ್ಟುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ, ಕಂಬಿ ಹಿಡಿದು, ಹಿಮ್ಮಡಿಯನ್ನು ಎರಡು ಎಣಿಕೆಗೆ ಎತ್ತಿ ಮೂರು ಎಣಿಕೆಗೆ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಕ್ಕೆ ಇಳಿಸಿ. ಮಂಡಿ ನೆಟ್ಟಗಿಟ್ಟು ಒಂದು ಸರದಿ, ಮಂಡಿಯನ್ನು ತುಸು ಮಡಿಸಿಕೊಂಡೇ ಇನ್ನೊಂದು ಸರದಿ. ಎರಡನೆಯದು ಸೋಲಿಯಸ್‌ಗಾಗಿ, ಅದನ್ನೇ ಜನ ಬಿಡುವುದು. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂಟಿಕಾಲಿನಲ್ಲಿ, ಹನ್ನೆರಡರಂತೆ ಮೂರು ಸರದಿ, ವಾರಕ್ಕೆ ಮೂರು ದಿನ. ಅದು ಸಲೀಸಾದ ಮೇಲೆ ತೂಕ ಸೇರಿಸಬೇಕು, ಎಣಿಕೆಯನ್ನಲ್ಲ. ನಾನು ಕುರ್ಚಿಯಲ್ಲಿ ಕುಳಿತು, ಮುಂಗಾಲಿನ ಕೆಳಗೆ ಒಂದು ಮಣೆ ಇಟ್ಟು, ಮಂಡಿಗಳ ಮೇಲೆ 25 ಕಿಲೋ ಅಕ್ಕಿ ಮೂಟೆಯನ್ನು ಹೇರಿಕೊಂಡು ಹಿಮ್ಮಡಿ ಎತ್ತುತ್ತೇನೆ. ಮನೆಯವರು ಮೊದಲ ದಿನ ನಕ್ಕರು. ಈಗ ಮೂಟೆ ಅರ್ಧವಾದಾಗ ಹೊಸದು ತರಬೇಕೆಂದು ನೆನಪಿಸುತ್ತಾರೆ.

ತೊಡೆಗೆ ನಮ್ಮ ಗರಡಿಮನೆಗಳ ಬಸ್ಕಿಗಿಂತ ಬೇರೆ ಬೇಡ, ಆದರೆ ಪೈಲ್ವಾನರಂತೆ ನೂರಾರು ಹೊಡೆಯದೆ, ಮೂರು ಎಣಿಕೆಗೆ ಇಳಿದು ಹತ್ತರಂತೆ ಮೂರು ಸರದಿ ಸಾಕು. ಒಂಟಿಕಾಲಿನಲ್ಲಿ ಮೆಟ್ಟಿಲ ಮೇಲೆ ನಿಂತು, ಇನ್ನೊಂದು ಪಾದದ ಹಿಮ್ಮಡಿಯನ್ನು ಕೆಳಮೆಟ್ಟಿಲಿಗೆ ಮೆಲ್ಲಗೆ ತಾಗಿಸಿ ಮತ್ತೆ ಏಳುವುದರಿಂದ ತೊಡೆ ಮತ್ತು ಸೊಂಟದ ಪಕ್ಕದ ಸ್ನಾಯು ಎರಡಕ್ಕೂ ಕೆಲಸ ಸಿಗುತ್ತದೆ. ಮಂಡಿ ಒಳಕ್ಕೆ ವಾಲದೆ ಪಾದದ ಎರಡನೆಯ ಬೆರಳಿನ ನೇರದಲ್ಲಿರಲಿ. ಅಂಗಾತ ಮಲಗಿ ಮಂಡಿ ಮಡಿಸಿ, ಒಂದು ಪಾದ ಊರಿ ಸೊಂಟವನ್ನು ಎತ್ತಿ ಹಿಡಿಯುವುದು ಪೃಷ್ಠಕ್ಕೆ. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಓಟದ ದಿನವೇ, ಓಟದ ನಂತರ ಮಾಡಿದರೆ ಬಿಡುವಿನ ದಿನ ನಿಜವಾಗಿಯೂ ಬಿಡುವಾಗಿ ಉಳಿಯುತ್ತದೆ.

ಐದನೆಯ ವಾರ ಕಳೆದು ನಾನು ಮತ್ತೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದಲೇ ಶುರುಮಾಡಿದೆ. ಬಲಗಾಲಿನ ಎಣಿಕೆ 22 ಮುಟ್ಟುವವರೆಗೆ ನಡಿಗೆಯ ನಿಮಿಷಗಳನ್ನು ಪೂರ್ತಿ ಬಿಡಲಿಲ್ಲ, ಅದಕ್ಕೆ ಮೂರು ತಿಂಗಳು ಹಿಡಿಯಿತು. ವೇಗ ಮತ್ತು ಇಳಿಜಾರು ಎಲ್ಲಕ್ಕಿಂತ ಕೊನೆಗೆ ಬರಬೇಕು: ಅರ್ಧ ಗಂಟೆಯ ಸಲೀಸಾದ ಓಟ ಒಂದು ತಿಂಗಳು ನಿಂತ ಮೇಲೆ, ಓಟದ ಕೊನೆಯಲ್ಲಿ ಇಪ್ಪತ್ತು ಸೆಕೆಂಡಿನ ಚುರುಕು ಓಟ ನಾಲ್ಕು ಸಲ, ನಡುವೆ ಒಂದೊಂದು ನಿಮಿಷ ನಡಿಗೆ, ವಾರಕ್ಕೆ ಒಂದೇ ದಿನ. ಕರಾವಳಿಯ ಸೆಕೆಯಲ್ಲಿ, ಕಲಬುರಗಿಯ ಬೇಸಿಗೆಯಲ್ಲಿ ಓಡುವವರು ಇದನ್ನು ಸೂರ್ಯೋದಯಕ್ಕೆ ಮೊದಲೇ ಮುಗಿಸಿಕೊಳ್ಳಲಿ. ಏರಿನಲ್ಲಿ ಈ ಚುರುಕು ಓಟ ಮಾಡಿದರೆ ಹ್ಯಾಮ್‌ಸ್ಟ್ರಿಂಗಿಗೆ ಸುರಕ್ಷಿತ, ಮೀನಖಂಡಕ್ಕೆ ಕಷ್ಟ. ಸಮತಟ್ಟಿನಲ್ಲಿ ಅದರ ತಿರುವುಮುರುವು. ನಿಮ್ಮ ಕಾಲಿನಲ್ಲಿ ದುರ್ಬಲವಾದದ್ದು ಯಾವುದೆಂದು ಗೋಡೆಯ ಮುಂದಿನ ಎಣಿಕೆ ಆಗಲೇ ಹೇಳಿರುತ್ತದೆಯಾದ್ದರಿಂದ, ಆಯ್ಕೆಯನ್ನು ಅದರಂತೆ ಮಾಡಿಕೊಳ್ಳಿ.